ಬಿಗಿಯುವ ಮುನ್ನ ಅಳೆಯಿರಿ: ಹಳೆಯ ಕಾರಿಗೆ ಹೊಸ ಸಪೋರ್ಟ್

ಹಳೆಯ ಫಿಯೆಟ್ಟಿನ ಬಾಡಿ ದಣಿದಿದೆ ಎಂದು ಮೊದಲು ಹೇಳುವುದು ಅದರ ಬಾಗಿಲು. ಸಪಾಟು ನೆಲದ ಮೇಲೆ ತಾನಾಗಿ ಕೂಡುವ ಬಾಗಿಲು, ಒಂದು ಗಾಲಿ ತಗ್ಗಿನಲ್ಲಿ ನಿಂತಾಗ ಎತ್ತಿ ಹಾಕಿದರಷ್ಟೇ ಕೂಡುತ್ತದೆ. ಜ್ಯಾಕ್ ಹಚ್ಚಿ ಒಂದು ಪಕ್ಕ ಎತ್ತಿದರೆ ತೆರೆದದ್ದು ಮುಚ್ಚುವುದಿಲ್ಲ, ಮುಚ್ಚಿದ್ದು ತೆರೆಯುವುದಿಲ್ಲ. ಆಮೇಲೆ ಮುಂದಿನ ಗಾಜಿನ ಮೂಲೆಯಲ್ಲಿ ಬಣ್ಣ ಬಿರಿಯುತ್ತದೆ. ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಟೈರು ಒಂದೇ ಅಂಚಿಗೆ ಸವೆಯುತ್ತದೆ. ಇಂಥ ಹೊತ್ತಿಗೆ ಮಾಲೀಕರಿಗೆ ಸಿಗುವ ಸಲಹೆ, ‘ಒಂದು ಸಪೋರ್ಟ್ ಹಾಕಿಸಿಬಿಡಿ’ ಎಂಬುದು. ಬಾನೆಟ್ಟಿನೊಳಗೆ ಎಡ-ಬಲದ ಒಳಗೋಡೆಗಳ ನಡುವೆ ಒಂದು ಅಡ್ಡಕೊಳವೆ, ಬಾಗಿಲ ಕೆಳಗಿನ ಸಿಲ್ಲಿಗೆ ಹೊಸ ಪಟ್ಟಿ, ಇಲ್ಲವೇ ಫ್ಲೋರಿನ ಅಡಿಗೆ ಹೊಸ ಕ್ರಾಸ್ ಮೆಂಬರ್. ಸಲಹೆ ತಪ್ಪಲ್ಲ. ಆದರೆ ಸಪೋರ್ಟ್ ಕಾರನ್ನು ನೆಟ್ಟಗೆ ಮಾಡುವುದಿಲ್ಲ; ಬಿಗಿದ ಹೊತ್ತಿನಲ್ಲಿ ಕಾರು ಯಾವ ಆಕಾರದಲ್ಲಿತ್ತೋ ಅದೇ ಆಕಾರದಲ್ಲಿ ಹಿಡಿದಿಡುತ್ತದೆ. ಮೂಲೆ ತಪ್ಪಿದ ಹೊರಸಿಗೆ ಕರ್ಣದ ಗುಂಟ ಹಗ್ಗ ಬಿಗಿದರೆ ಸೊಟ್ಟವೇ ಗಟ್ಟಿಯಾಗುವ ಹಾಗೆ.

ಹುಬ್ಬಳ್ಳಿ-ಧಾರವಾಡದಲ್ಲಿ ಇಂದಿಗೂ ಜತನದಿಂದ ಇಟ್ಟುಕೊಂಡಿರುವ ಹಳೆಯ ಕಾರುಗಳೆಂದರೆ ಮುಖ್ಯವಾಗಿ ಪ್ರೀಮಿಯರ್ ಪದ್ಮಿನಿ ಮತ್ತು ಅಂಬಾಸಡರ್. ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ಬಾಡಿಯನ್ನೇ ಚಾಸಿಯಾಗಿಸಿಕೊಂಡ ಆ ಮಾದರಿ ಅಲ್ಲಿ 1953ರಲ್ಲಿ ಬಂತು. 1964ರಿಂದ ಮುಂಬೈಯ ಕುರ್ಲಾದಲ್ಲಿ 1100 ಡಿ ತಯಾರಾಯಿತು, 1974ರ ಹೊತ್ತಿಗೆ ಅದಕ್ಕೆ ಪದ್ಮಿನಿ ಎಂಬ ಹೆಸರು ಬಂತು. ಕಾರ್ಖಾನೆ ಅದರ ತಯಾರಿಕೆ ನಿಲ್ಲಿಸಿ ಎರಡು ದಶಕ ದಾಟಿದೆ. ಮುಂಬೈಯ ಕಪ್ಪು-ಹಳದಿ ಪದ್ಮಿನಿ ಟ್ಯಾಕ್ಸಿಗಳೂ 2023ರ ಅಕ್ಟೋಬರ್ ಕೊನೆಗೆ ರಸ್ತೆಯಿಂದ ಇಳಿದವು. ಅಂಬಾಸಡರ್ ತಯಾರಿಕೆ ಉತ್ತರಪಾರಾದಲ್ಲಿ 2014ಕ್ಕೆ ಮುಗಿಯಿತು. ಹೀಗಾಗಿ ಇವುಗಳ ಬಾಡಿ ಭಾಗ ಬೇಕೆಂದರೆ ಇರುವ ದಾರಿ ಮೂರು: ಗುಜರಿ ಕಾರಿನಿಂದ ಕತ್ತರಿಸಿ ತಂದದ್ದು, ಯಾವುದೋ ಮೂಲೆಯಲ್ಲಿ ಉಳಿದ ಕಂಪನಿ ಮಾಲು, ಅಥವಾ ಹಳೆಯದನ್ನು ನೋಡಿ ಹೊಸದಾಗಿ ಮಾಡಿದ ಮರುತಯಾರಿಕೆಯ ಭಾಗ. ಈ ಲೇಖನ ಮೂರನೆಯದರ ಬಗ್ಗೆ.

ಬಾಡಿಯೇ ಚಾಸಿ ಎಂದರೆ ಏನೆಂದು ಒಮ್ಮೆ ಸ್ಪಷ್ಟ ಮಾಡಿಕೊಳ್ಳೋಣ. ಮಹೀಂದ್ರ ಜೀಪಿನಲ್ಲಿ ಏಣಿಯಂಥ ಚಾಸಿ ಬೇರೆ, ಮೇಲಿನ ಬಾಡಿ ಬೇರೆ. ಮದ್ರಾಸಿನಲ್ಲಿ 1961ರಿಂದ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೂ ಪ್ರತ್ಯೇಕ ಚಾಸಿ ಇದೆ. ಪದ್ಮಿನಿ, ಅಂಬಾಸಡರ್‌ಗಳಲ್ಲಿ ಹಾಗಿಲ್ಲ. ಒಂದು ಮಿಲಿಮೀಟರಿನ ಆಸುಪಾಸಿನ ತೆಳು ಶೀಟನ್ನು ಮಡಚಿ, ಸ್ಪಾಟ್ ವೆಲ್ಡಿಂಗಿನಿಂದ ಒಂದಕ್ಕೊಂದು ಕೂಡಿಸಿ ಮಾಡಿದ ಟೊಳ್ಳು ಪೆಟ್ಟಿಗೆಗಳೇ ಅಲ್ಲಿ ಎಲುಬು. ಬಾಗಿಲ ಕೆಳಗೆ ಉದ್ದಕ್ಕೆ ಓಡುವ ಸಿಲ್, ಫ್ಲೋರಿನ ಅಡಿಯ ಅಡ್ಡ ಮೆಂಬರುಗಳು, ಎಂಜಿನ್ನಿನ ಅಕ್ಕಪಕ್ಕದ ಒಳಗೋಡೆ, ಹಿಂದೆ ಪಾಟಾ ಸ್ಪ್ರಿಂಗ್ ಸಿಕ್ಕಿಸುವ ಜಾಗ ಇವೆಲ್ಲ ಸೇರಿ ಭಾರ ಹೊರುತ್ತವೆ. ಪೆಟ್ಟಿಗೆಯ ನಾಲ್ಕು ಗೋಡೆಯಲ್ಲಿ ಒಂದು ಹೋದರೂ ಅದು ಪೆಟ್ಟಿಗೆಯಾಗಿ ಉಳಿಯದು. ತಿರುಚುವಿಕೆಯನ್ನು ತಡೆಯುವ ಶಕ್ತಿ ಅದರಲ್ಲಿ ಬಹುತೇಕ ಉಳಿಯುವುದಿಲ್ಲ.

ನಮ್ಮ ಭಾಗದಲ್ಲಿ ಆ ಒಂದು ಗೋಡೆಯನ್ನು ತಿನ್ನುವುದು ಮಣ್ಣು. ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಮಣ್ಣು ಮಳೆಗಾಲದಲ್ಲಿ ಗಾಲಿಯ ಮೇಲ್ಗಡೆ, ಸಿಲ್ಲಿನ ತುದಿಯ ಮೂಲೆಯಲ್ಲಿ ಮೆತ್ತಿಕೊಂಡರೆ ತಿಂಗಳುಗಟ್ಟಲೆ ತೇವ ಬಿಡುವುದಿಲ್ಲ. ಮೇಲಿನ ಪದರ ಒಣಗಿ ಬಿರಿದರೂ ಶೀಟಿಗೆ ತಾಗಿದ ಪದರ ಹಸಿಯಾಗಿಯೇ ಇರುತ್ತದೆ. ಕಾರವಾರ, ಅಂಕೋಲಾ ಕಡೆಯಿಂದ ಕೊಂಡು ತಂದ ಕಾರಾದರೆ ಉಪ್ಪು ಗಾಳಿಯ ಲೆಕ್ಕ ಬೇರೆ; ಅಲ್ಲಿ ತುಕ್ಕು ಪೆಟ್ಟಿಗೆಯ ಒಳಗಿನಿಂದ ಶುರುವಾಗಿ, ಹೊರಗೆ ಕಾಣುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಆದ್ದರಿಂದ ಸಪೋರ್ಟ್ ತರಿಸುವ ಮೊದಲ ಕೆಲಸ ಸ್ಕ್ರೂಡ್ರೈವರಿನ ಹಿಡಿಕೆಯಿಂದ ಸಿಲ್ಲಿನ ಉದ್ದಕ್ಕೂ ತಟ್ಟುತ್ತ ಹೋಗುವುದು. ಗಟ್ಟಿ ಶೀಟು ಕಣಕಣ ಎನ್ನುತ್ತದೆ, ಸತ್ತ ಶೀಟು ಮಂದವಾಗಿ ಸದ್ದು ಮಾಡುತ್ತದೆ. ಸತ್ತ ಶೀಟಿಗೆ ಬೋಲ್ಟು ಹಾಕಿ ಕೊಳವೆ ಕಟ್ಟುವುದು ಹಣ ಚೆಲ್ಲಿದಂತೆ.

ಎರಡನೆಯ ಕೆಲಸ ಅಳತೆ. ಇಡೀ ಕೆಲಸದ ಜೀವ ಇರುವುದು ಇಲ್ಲೇ, ಗಡಿಬಿಡಿಯಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದೂ ಇದೇ. ಇದಕ್ಕೆ ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕಿಲ್ಲ. ಸಿಮೆಂಟ್ ನೆಲ, ಗವಂಡಿಗಳು ಬಳಸುವ ತೂಗುಗುಂಡು, ನೀರು ತುಂಬಿದ ಮಟ್ಟದ ಪೈಪು, ಸುಣ್ಣದ ದಾರ, ಒಂದು ಒಳ್ಳೆಯ ಟೇಪು ಸಾಕು. ಒಂದರೊಳಗೊಂದು ಜಾರುವ ಎರಡು ಅಲ್ಯೂಮಿನಿಯಂ ಚೌಕ ಪೈಪುಗಳ ತುದಿಗೆ ಮೊನೆ ಕೂಡಿಸಿಕೊಂಡರೆ, ಎಂಜಿನ್ನಿನ ಮೇಲಿಂದ ಹಾಯ್ದು ಅಳೆಯಲು ಟೇಪಿಗಿಂತ ನಂಬಿಗಸ್ತ ಸಾಧನ ಸಿಕ್ಕಂತೆ. ಕಾರನ್ನು ಗಾಲಿಗಳ ಮೇಲೆ ನಿಲ್ಲಿಸಿ, ನಾಲ್ಕೂ ಟೈರಿನ ಗಾಳಿ ಸರಿ ಮಾಡಿ, ಮೊದಲು ಎಡ-ಬಲದ ವ್ಹೀಲ್‌ಬೇಸ್ ಅಳೆಯಿರಿ. ಪದ್ಮಿನಿಗೆ ಅದು 2340 ಮಿ.ಮೀ., ಅಂಬಾಸಡರ್‌ಗೆ 2464 ಮಿ.ಮೀ. ಎಡ-ಬಲಕ್ಕೆ ಕೆಲವು ಮಿಲಿಮೀಟರ್ ವ್ಯತ್ಯಾಸ ಬುಶ್ ಸವೆತದಿಂದಲೂ ಬರಬಹುದು; ಬೆರಳಗಲ ವ್ಯತ್ಯಾಸ ಬಂದರೆ ಸಪೋರ್ಟಿನ ಮಾತು ಬಿಟ್ಟು ಬಾಡಿ ಎಳೆಯುವ ಮಾತಾಡಬೇಕು.

ಆಮೇಲೆ ಕರ್ಣಗಳು. ಎಡಕ್ಕೆರಡು, ಬಲಕ್ಕೆರಡು ಎಂದು ಕಾರ್ಖಾನೆಯೇ ಕೊರೆದ ಜೋಡಿ ತೂತುಗಳನ್ನು ಆರಿಸಿಕೊಂಡು, ತೂಗುಗುಂಡಿನಿಂದ ನೆಲಕ್ಕೆ ಗುರುತು ಇಳಿಸಿ, ಮೂಲೆಯಿಂದ ಮೂಲೆಗೆ ಅಳೆಯುವುದು. ಉದಾಹರಣೆಗೆ 800 ಮಿ.ಮೀ. ಅಗಲ, 1000 ಮಿ.ಮೀ. ಉದ್ದದ ಚೌಕಟ್ಟಿನಲ್ಲಿ ಒಂದು ಪಕ್ಕ 5 ಮಿ.ಮೀ. ಮುಂದೆ ಸರಿದಿದ್ದರೆ ಎರಡು ಕರ್ಣಗಳ ನಡುವೆ ಸುಮಾರು 8 ಮಿ.ಮೀ. ವ್ಯತ್ಯಾಸ ಕಾಣುತ್ತದೆ. ಕಣ್ಣಿಗೆ ಸಿಗದ ತಪ್ಪನ್ನು ಕರ್ಣ ಹೀಗೆ ದೊಡ್ಡದು ಮಾಡಿ ತೋರಿಸುತ್ತದೆ.

ಇನ್ನೊಂದು ಅಳತೆ ಎಲ್ಲಕ್ಕಿಂತ ಉಪಯುಕ್ತ. ಸಪೋರ್ಟ್ ಕೂಡುವ ಎರಡು ಬಿಂದುಗಳ ನಡುವಿನ ಅಂತರವನ್ನು ಕಾರು ಗಾಲಿಯ ಮೇಲೆ ನಿಂತಾಗ ಒಮ್ಮೆ, ಮುಂಭಾಗ ಎತ್ತಿ ಗಾಲಿಗಳು ಜೋತುಬಿದ್ದಾಗ ಇನ್ನೊಮ್ಮೆ ಬರೆದುಕೊಳ್ಳಿ. ಎರಡರ ನಡುವೆ ಎರಡು ಮೂರು ಮಿಲಿಮೀಟರ್ ವ್ಯತ್ಯಾಸ ಬಂದರೆ ಬಾಡಿ ಭಾರಕ್ಕೆ ಬಾಗಿ ಮತ್ತೆ ತನ್ನ ಆಕಾರಕ್ಕೆ ಬರುತ್ತಿದೆ. ಅಡ್ಡಕೊಳವೆಯಿಂದ ಇಂಥ ಕಾರಿಗೆ ನಿಜವಾದ ಉಪಕಾರವಿದೆ. ವ್ಯತ್ಯಾಸ ಏನೂ ಇಲ್ಲ, ಆದರೆ ಅಂತರವೇ ಒಳ್ಳೆಯ ಸ್ಥಿತಿಯಲ್ಲಿರುವ ಅದೇ ಮಾದರಿಯ ಇನ್ನೊಂದು ಕಾರಿಗಿಂತ ಕಡಿಮೆ ಇದೆ ಎಂದಾದರೆ, ಬಾಡಿ ಬಾಗಿ ಹಾಗೆಯೇ ನಿಂತುಬಿಟ್ಟಿದೆ. ಅದನ್ನು ಮೊದಲು ಹೈಡ್ರಾಲಿಕ್ ಜ್ಯಾಕಿನಿಂದ ನಿಧಾನ ಅಗಲಿಸಿ ಅಳತೆಗೆ ತರಬೇಕು, ಸಪೋರ್ಟ್ ಅದರ ಮೇಲೆ.

ಈ ಎರಡು ಸ್ಥಿತಿಗಳಿಗೂ ಜಗತ್ತಿಗೆಲ್ಲ ಗೊತ್ತಿರುವ ನಿದರ್ಶನ ಅಮೆರಿಕದ 1960ರ ದಶಕದ ಫೋರ್ಡ್ ಮಸ್ಟಾಂಗ್. ಅದರ ಮುಂದಿನ ಸ್ಪ್ರಿಂಗ್ ಗೋಪುರಗಳು ವರ್ಷಗಳ ಭಾರಕ್ಕೆ ಒಳಮುಖವಾಗಿ ವಾಲುತ್ತವೆ. ಮಾಮೂಲಿ ಕಾರಿಗೆ ಗೋಪುರದಿಂದ ಎಂಜಿನ್ನಿನ ಹಿಂದಿನ ಗೋಡೆಗೆ ಎರಡು ಬಿಡಿ ಪಟ್ಟಿ ಕೊಟ್ಟಿದ್ದ ಫೋರ್ಡ್, ಹೊರದೇಶಕ್ಕೆ ಕಳಿಸುವ ಕಾರಿಗೆ ಎರಡು ಗೋಪುರ ಮತ್ತು ಆ ಗೋಡೆ ಮೂರನ್ನೂ ಹಿಡಿಯುವ ಒಂದೇ ಅಖಂಡ ಪಟ್ಟಿ ಹಾಕಿತು. ಅದಕ್ಕೇ ಅದು ಎಕ್ಸ್‌ಪೋರ್ಟ್ ಬ್ರೇಸ್ ಎನಿಸಿತು. 1965ರ ಶೆಲ್ಬಿ ಜಿಟಿ 350ಕ್ಕೆ ಆ ಪಟ್ಟಿಯ ಜೊತೆ ಮಾಂಟೆ ಕಾರ್ಲೊ ಬಾರ್ ಎಂಬ ಅಡ್ಡಕೊಳವೆಯೂ ಬಂತು. ಇಂದು ಅವೆರಡರ ಮರುತಯಾರಿಕೆ ಮಾಲು ಧಾರಾಳ ಸಿಗುತ್ತದೆ. ಕೊಂಡವರ ಸಾಮಾನ್ಯ ದೂರು, ತೂತು ಕೂಡುವುದಿಲ್ಲ ಎಂಬುದು. ಕೆಲವು ಸಲ ತಪ್ಪು ಪಟ್ಟಿಯದೇ. ಆದರೆ ಪಟ್ಟಿ ಸರಿಯಿದ್ದು, ಐವತ್ತು ಅರವತ್ತು ವರ್ಷದಲ್ಲಿ ಗೋಪುರಗಳೇ ಒಳಕ್ಕೆ ಬಂದಿರುವುದೂ ಅಷ್ಟೇ ಸಾಮಾನ್ಯ.

ನಮ್ಮ ಗ್ಯಾರೇಜಿನಲ್ಲೂ ಸನ್ನಿವೇಶ ಇದೇ. ಸಪೋರ್ಟ್ ಇಟ್ಟು ನೋಡುತ್ತಾರೆ, ಮೂರು ತೂತು ಕೂಡುತ್ತವೆ, ನಾಲ್ಕನೆಯದು ಅರ್ಧ ಚಂದ್ರನಂತೆ ಕಾಣುತ್ತದೆ. ‘ಸಾಹೇಬ್ರ, ತೂತು ಒಂದೀಟು ದೊಡ್ಡದು ಮಾಡಿದ್ರ ಕುಂದರ್ತೈತ್ರಿ’ ಎನ್ನುತ್ತಾರೆ ಮಿಸ್ತ್ರಿ. ಖಂಡಿತ ಕೂರುತ್ತದೆ. ಆದರೆ ಅರ ಹಚ್ಚುವ ಮೊದಲು ಕೇಳಬೇಕಾದ್ದು ಒಂದೇ ಪ್ರಶ್ನೆ: ತಪ್ಪಿರುವುದು ಪಟ್ಟಿಯೋ ಕಾರೋ? ಉತ್ತರ ಮೇಲಿನ ಅಳತೆಗಳಲ್ಲಿದೆ. ಕರ್ಣ ಸರಿಯಿದ್ದು ಪಟ್ಟಿಯ ತೂತೇ ಅತ್ತಿತ್ತ ಇದ್ದರೆ ಪಟ್ಟಿಯನ್ನು ತಿದ್ದಬಹುದು, ಯಾವತ್ತೂ ಪಟ್ಟಿಯನ್ನೇ ತಿದ್ದಬೇಕು. ಕಾರಿನ ಮೂಲ ತೂತನ್ನು ಕೊರೆದು ದೊಡ್ಡದು ಮಾಡಿದರೆ ಮುಂದೆ ಯಾರೂ ಆ ಕಾರನ್ನು ಸರಿಯಾಗಿ ಅಳೆಯಲಾರರು. ಕಾರ್ಖಾನೆ ಬಿಟ್ಟುಹೋದ ಗುರುತೇ ಅಳಿಸಿದ ಹಾಗೆ. ತಪ್ಪು ಕಾರಿನದಾದರೆ ತೂತು ದೊಡ್ಡದು ಮಾಡುವುದರಿಂದ ಸುಳ್ಳಿಗೆ ಬೋಲ್ಟು ಹಾಕಿದಂತಾಗುತ್ತದೆ. ಎರಡಕ್ಕಿಂತಲೂ ಕೆಟ್ಟದ್ದು, ಪಾನಾದ ಬಲದಿಂದ ಎಳೆದೆಳೆದು ಬೋಲ್ಟು ಕೂಡಿಸುವುದು. ಆಗ ಕಾರು ನಿಂತಲ್ಲೇ ಆ ಬೋಲ್ಟಿನ ಸುತ್ತ ಸೆಳೆತ ಕಟ್ಟಿಕೊಂಡಿರುತ್ತದೆ. ಅರಬೈಲ್ ಘಟ್ಟ ನಾಲ್ಕು ಸಲ ಹತ್ತಿಳಿಯುವುದರೊಳಗೆ ಶೀಟು ಅಲ್ಲಿಂದಲೇ ಬಿರಿದರೆ ಆಶ್ಚರ್ಯವಿಲ್ಲ.

ಮರುತಯಾರಿಕೆ ಮಾಲಿನಲ್ಲಿ ತಪ್ಪು ಹೇಗೆ ಬರುತ್ತದೆಂದು ತಿಳಿದರೆ ಕೊಳ್ಳುವಾಗಲೇ ಅರ್ಧ ಪರೀಕ್ಷೆ ಮುಗಿಯುತ್ತದೆ. ಒಂದು ಹಳೆಯ ಪಟ್ಟಿಯನ್ನು ಮುಂದಿಟ್ಟುಕೊಂಡು ಹೊಸದು ಮಾಡುತ್ತಾರೆ. ಆ ಹಳೆಯದೇ ಅಪಘಾತದ ಕಾರಿನದಾಗಿದ್ದರೆ ಅದರ ಡೊಂಕು ಹೊಸದಕ್ಕೆಲ್ಲ ಇಳಿಯುತ್ತದೆ. ವೆಲ್ಡಿಂಗಿಗೆ ಜಿಗ್ ಇಲ್ಲದಿದ್ದರೆ ತುದಿಯ ಬ್ರಾಕೆಟ್ ಒಂದೊಂದು ಪಟ್ಟಿಗೆ ಒಂದೊಂದು ಕೋನದಲ್ಲಿ ಕೂರುತ್ತದೆ. ಮೂಲ ಪಟ್ಟಿ 16 ಗೇಜಿನ ಶೀಟು, ಅಂದರೆ 1.6 ಮಿ.ಮೀ. ಆಗಿದ್ದಲ್ಲಿ 20 ಗೇಜು, 0.9 ಮಿ.ಮೀ. ಬಳಸಿ ಮೇಲೆ ದಪ್ಪ ಪೌಡರ್ ಕೋಟಿಂಗ್ ಹೊಡೆದರೆ ಕೈಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ವರ್ನಿಯರ್ ಕ್ಯಾಲಿಪರ್ ಜೊತೆಗಿರಲಿ. ಅಂಚಿನಲ್ಲಿ ಬಣ್ಣ ಕೆರೆದು ಅಳೆಯಿರಿ. ಎಡ-ಬಲ ಒಂದಕ್ಕೊಂದು ಕನ್ನಡಿಯಾಗಿರಬೇಕಾದ ಭಾಗಗಳನ್ನು ಬೆನ್ನಿಗೆ ಬೆನ್ನು ಹಚ್ಚಿ ತೂತುಗಳ ಮೂಲಕ ಬೆಳಕು ನೋಡಿ.

ಆಕಾರವನ್ನೂ ಗಮನಿಸಬೇಕು. ಚಪ್ಪಟೆ ಪಟ್ಟಿ ಎಳೆತವನ್ನು ತಡೆದೀತು, ಒತ್ತಡಕ್ಕೆ ಬಾಗಿಬಿಡುತ್ತದೆ. ಅದೇ ತೂಕದ ಉಕ್ಕನ್ನು ಕೊಳವೆಯಾಗಿಸಿದರೆ ಕಥೆಯೇ ಬೇರೆ: 25 ಮಿ.ಮೀ. ಹೊರವ್ಯಾಸ, 1.6 ಮಿ.ಮೀ. ದಪ್ಪದ ಕೊಳವೆ, ಅಷ್ಟೇ ತೂಕದ ಗಟ್ಟಿ ಸರಳಿಗಿಂತ ಬಾಗುವಿಕೆಯನ್ನು ಏಳು ಪಟ್ಟು ಹೆಚ್ಚು ತಡೆಯುತ್ತದೆ. ಆದರೆ ಏರ್ ಕ್ಲೀನರಿಗೋ ಕಾರ್ಬ್ಯುರೇಟರಿಗೋ ಜಾಗ ಬಿಡಲೆಂದು ಆ ಕೊಳವೆಯನ್ನು ನಡುವೆ ಬಗ್ಗಿಸಿದರೆ ಈ ಲಾಭ ಬಹುಪಾಲು ಹೋಗುತ್ತದೆ. ಎರಡು ಬಿಂದುಗಳ ನಡುವೆ ನೇರ ಗೆರೆಯಲ್ಲಿ ಇಲ್ಲದ ಸಪೋರ್ಟ್ ಬರೀ ಸ್ಪ್ರಿಂಗಿನಂತೆ ಕೆಲಸ ಮಾಡುತ್ತದೆ. ತುದಿಯ ಬ್ರಾಕೆಟ್ ತೆಳುವಾಗಿದ್ದರೂ ಹಾಗೆಯೇ. ಕ್ರೋಮ್ ಹೊಳಪಿಗೆ ಮರುಳಾಗುವ ಮುನ್ನ ತುದಿ ನೋಡಿ.

ಬೋಲ್ಟಿನ ವಿಷಯದಲ್ಲಿ ನಮ್ಮ ಎರಡು ಕಾರುಗಳು ಎರಡು ಬೇರೆ ಕುಲದವು. ಫಿಯೆಟ್ ಇಟಲಿಯದು, ಅಲ್ಲಿ ಮಿಲಿಮೀಟರ್ ಬೋಲ್ಟು. ಅಂಬಾಸಡರ್ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ವಂಶದ್ದು, ಅಲ್ಲಿ ಇಂಚಿನ ಯುಎನ್‌ಎಫ್ ಥ್ರೆಡ್ಡು. 5/16 ಇಂಚು ಎಂದರೆ 7.94 ಮಿ.ಮೀ.; ಕಣ್ಣಿಗೆ ಎಂ8 ಬೋಲ್ಟಿನ ಅವಳಿ. ಆದರೆ ಒಂದರ ಥ್ರೆಡ್ಡು ಇಂಚಿಗೆ 24, ಇನ್ನೊಂದರದು 1.25 ಮಿ.ಮೀ. ಅಂತರದ್ದು. ಎರಡು ಸುತ್ತು ಬಂದು ಬಿಗಿಯಾದರೆ ‘ಜಂಗು ಹಿಡಿದಿದೆ’ ಎಂದು ಪಾನಾ ಉದ್ದ ಮಾಡಬೇಡಿ, ಬೋಲ್ಟು ಬದಲಿಸಿ. ಮಿಲಿಮೀಟರ್ ಬೋಲ್ಟಿನ ತಲೆಯ ಮೇಲೆ 8.8 ಎಂಬ ಗುರುತು ಇರಲಿ. ಗುರುತಿಲ್ಲದ ಬೋಲ್ಟು ಗೇಟಿಗೆ ಸರಿ, ಕಾರಿನ ಎಲುಬಿಗಲ್ಲ. ಎಂ8ಕ್ಕೆ 9 ಮಿ.ಮೀ., ಎಂ10ಕ್ಕೆ 11 ಮಿ.ಮೀ. ತೂತು ಸಾಮಾನ್ಯ ಪ್ರಮಾಣ. ಅದಕ್ಕಿಂತ ದೊಡ್ಡದಾದಷ್ಟೂ ಸಪೋರ್ಟ್ ಬೋಲ್ಟಿನ ಸುತ್ತ ಆಡುವ ಅವಕಾಶ ಹೆಚ್ಚು.

ತೆಳು ಶೀಟಿಗೆ ಬಿಗಿಯುವಾಗ ಒಳಬದಿಗೆ ಕೇವಲ ವಾಶರ್ ಸಾಲದು. ಕನಿಷ್ಠ 2 ಮಿ.ಮೀ. ದಪ್ಪದ, ಅಂಗೈ ಅಗಲದ ಪ್ಲೇಟು ಬೇಕು, ಅದರ ಮೂಲೆಗಳು ದುಂಡಾಗಿರಬೇಕು. ಚೂಪು ಮೂಲೆಯಿಂದಲೇ ಬಿರುಕು ಹೊರಡುತ್ತದೆ. ಹುಬ್ಬಳ್ಳಿಯ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಇಂಥ ಪ್ಲೇಟು, ಕೊಳವೆಯೊಳಗಿನ ಬುಶ್, ಅಳತೆಗೆ ತಕ್ಕ ಸ್ಪೇಸರ್ ಮಾಡಿಸಿಕೊಳ್ಳುವುದು ಕಷ್ಟವಲ್ಲ. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್‌ನ ಹಳೆಯ ಲೇತುಗಳು ಈ ಭಾಗದ ವರ್ಕ್‌ಶಾಪುಗಳಲ್ಲಿ ಕಾಲು ಮಿಲಿಮೀಟರಿಗೂ ಕಡಿಮೆ ವ್ಯತ್ಯಾಸದಲ್ಲಿ ಸ್ಪೇಸರ್ ತೆಗೆಯಬಲ್ಲವು. ಹಾಗಾಗಿ ಸಂದು ಉಳಿದಲ್ಲಿ ವಾಶರ್ ಮೇಲೆ ವಾಶರ್ ಪೇರಿಸದೆ ಸ್ಪೇಸರ್ ಮಾಡಿಸಿ.

ಬಿಗಿಯುವ ಕ್ರಮ ಹೀಗೆ. ಕಾರು ಸಪಾಟು ನೆಲದಲ್ಲಿ ಗಾಲಿಗಳ ಮೇಲೆ ನಿಂತಿರಲಿ. ಎಲ್ಲ ಬೋಲ್ಟುಗಳೂ ಕೈಯಿಂದಲೇ ತಿರುಗಿ ಒಳಹೋಗಬೇಕು. ಹೋಗದಿದ್ದರೆ ನಿಲ್ಲಿಸಿ, ಮತ್ತೆ ಅಳೆಯಿರಿ. ಹೋದ ಮೇಲೆ ಎಡಕ್ಕೊಂದು ಬಲಕ್ಕೊಂದು ಎಂದು ಸ್ವಲ್ಪ ಸ್ವಲ್ಪ ಬಿಗಿಯುತ್ತ, ಕೊನೆಗೆ ಟಾರ್ಕ್ ಪಾನಾದಿಂದ ಎಂ8ಕ್ಕೆ ಸುಮಾರು 25, ಎಂ10ಕ್ಕೆ 45ರಿಂದ 50 ನ್ಯೂಟನ್ ಮೀಟರಿಗೆ ಮುಗಿಸಬೇಕು. ಪ್ರತಿ ಹಂತದಲ್ಲೂ ನಾಲ್ಕು ಬಾಗಿಲು ತೆರೆದು ಮುಚ್ಚಿ ನೋಡುವುದನ್ನು ಮರೆಯಬಾರದು.

ಸಿಲ್ ಬದಲಿಸುವುದು ಇದಕ್ಕಿಂತ ದೊಡ್ಡ ಕೆಲಸ. ಅಲ್ಲಿ ಬೋಲ್ಟು ಬಿಚ್ಚಿ ತಪ್ಪು ತಿದ್ದುವ ಅವಕಾಶವಿಲ್ಲ. ಸಿಲ್ ಕತ್ತರಿಸಿದ ಕ್ಷಣದಿಂದ ಕಾರಿನ ನಡು ಅಲುಗಾಡುತ್ತಿರುತ್ತದೆ. ಆದ್ದರಿಂದ ಕತ್ತರಿಸುವ ಮೊದಲೇ ಬಾಗಿಲ ಚೌಕಟ್ಟಿನೊಳಗೆ, ಹಿಂಜು ಇರುವ ಕಂಬದಿಂದ ಲಾಕ್ ಇರುವ ಕಂಬಕ್ಕೆ, ಚೌಕ ಪೈಪನ್ನು ತಾತ್ಕಾಲಿಕವಾಗಿ ಕಟ್ಟಬೇಕು. ಒಮ್ಮೆಗೆ ಒಂದೇ ಪಕ್ಕ, ಆ ಪಕ್ಕದಲ್ಲೂ ಒಮ್ಮೆಗೆ ಸಾಧ್ಯವಾದಷ್ಟು ಚಿಕ್ಕ ತುಂಡು. ಎರಡೂ ಪಕ್ಕ ಒಟ್ಟಿಗೆ ಬಿಚ್ಚಿಟ್ಟ ಕಾರು ಮತ್ತೆ ನೆಟ್ಟಗಾಗುವುದು ಬಲು ಕಷ್ಟ. ಹೊಸ ಸಿಲ್ಲನ್ನು ಕ್ಲ್ಯಾಂಪಿನಿಂದ ಹಿಡಿಸಿ, ಬಾಗಿಲು ಹಾಕಿ, ಸುತ್ತಲಿನ ಸಂದು ಸಮನಾಗಿದೆಯೇ ನೋಡಿ, ಆಮೇಲಷ್ಟೇ ಒಂದೊಂದು ಟಾಕಾ. ಬಾಗಿಲು ತೆಗೆದಿಟ್ಟು ಸಿಲ್ ವೆಲ್ಡ್ ಮಾಡುವುದು ಮಿಸ್ತ್ರಿಗೆ ಅನುಕೂಲ, ಕಾರಿಗೆ ಗಂಡಾಂತರ.

ಕಾರ್ಖಾನೆಯಲ್ಲಿ ಸ್ಪಾಟ್ ವೆಲ್ಡಿಂಗ್ ಇದ್ದಲ್ಲಿ ಗ್ಯಾರೇಜಿನಲ್ಲಿ ಮಾಡಬಹುದಾದ್ದು, ಮೇಲಿನ ಶೀಟಿಗೆ 8 ಮಿ.ಮೀ. ತೂತು ಕೊರೆದು ಸಿಓಟು ವೆಲ್ಡಿಂಗಿನಿಂದ ತುಂಬುವುದು. ಸುಮಾರು 30 ಮಿ.ಮೀ.ಗೊಂದು ಸಾಕು. ಗ್ಯಾಸ್ ವೆಲ್ಡಿಂಗಿನ ಬಿಸಿ ಅಗಲಕ್ಕೆ ಹರಡಿ ಉದ್ದನೆಯ ಶೀಟನ್ನು ಎಳೆದು ಸೊಟ್ಟ ಮಾಡುತ್ತದೆ. ಸಿಲ್ಲಿಗೆ ಅದು ಬೇಡ. ಹುಬ್ಬಳ್ಳಿ-ಧಾರವಾಡದಲ್ಲಿ ಬಸ್ ಬಾಡಿ ಕಟ್ಟುವ ಕೆಲಸ ಇರುವುದರಿಂದ ಸಿಓಟು ಬಲ್ಲ ಕೈಗಳಿಗೆ ಕೊರತೆಯಿಲ್ಲ. ಆದರೆ ಬಸ್ಸಿನ ಪೈಪಿಗೆ ಹೊಂದಿಸಿದ ಕರೆಂಟಿನಲ್ಲಿ ಕಾರಿನ ಶೀಟು ತೂತು ಬೀಳುತ್ತದೆ. ಅದೇ ದಪ್ಪದ ಬೇರೆ ತುಂಡಿನ ಮೇಲೆ ಮೊದಲು ಹಾಕಿಸಿ, ಸುತ್ತಿಗೆಯಿಂದ ಹರಿದು ನೋಡಬೇಕು. ವೆಲ್ಡು ಬಿಟ್ಟುಬರದೆ ಶೀಟೇ ಹರಿದರೆ ಕರೆಂಟು ಸರಿ. ಬ್ಯಾಟರಿ ಬಿಚ್ಚದೆ, ಪೆಟ್ರೋಲ್ ಟ್ಯಾಂಕು ಕಳಚಿ ದೂರ ಇಡದೆ ಯಾವ ವೆಲ್ಡಿಂಗನ್ನೂ ಶುರು ಮಾಡಬಾರದು.

ಅಂಬಾಸಡರ್ ಮಾಲೀಕರಿಗೆ ಒಂದು ವಿಶೇಷ ಎಚ್ಚರಿಕೆ. ಅದರ ಮುಂದಿನ ಸಸ್ಪೆನ್ಷನ್ನಿಗೆ ಸುರುಳಿ ಸ್ಪ್ರಿಂಗ್ ಇಲ್ಲ. ಉದ್ದನೆಯ ಟಾರ್ಷನ್ ಬಾರ್ ತಿರುಚಿಕೊಂಡು ಭಾರ ಹೊರುತ್ತದೆ, ಅದರ ಹಿಂದಿನ ತುದಿ ಫ್ಲೋರಿನ ಅಡಿಯ ಅಡ್ಡ ಮೆಂಬರಿಗೆ ಸಿಕ್ಕಿರುತ್ತದೆ. ಅಂದರೆ ಆ ಮೆಂಬರ್ ಬರೀ ಸಪೋರ್ಟ್ ಅಲ್ಲ, ಮುಂಭಾಗದ ಇಡೀ ಭಾರದ ತಿರುಚನ್ನು ಹಿಡಿದಿರುವ ಕೈ. ಬಾರಿನ ಸೆಳೆತ ಪೂರ್ತಿ ಇಳಿಸದೆ ಅಲ್ಲಿ ಗ್ರೈಂಡರ್ ಮುಟ್ಟಿಸಿದರೆ ಜೀವಕ್ಕೇ ಅಪಾಯ. ಕಳಚುವಾಗ ಎಡ-ಬಲದ ಬಾರುಗಳಿಗೆ ಗುರುತು ಹಾಕಿಡಿ, ಅದಲುಬದಲು ಮಾಡುವಂತಿಲ್ಲ. ಈ ಮೆಂಬರಿನ ಮೇಲೆ ತುಕ್ಕಿಗೆ ತೇಪೆ ಹಾಕುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಬದಲಿಸಬೇಕು, ಇಲ್ಲವೇ ಕಾರು ನಿಲ್ಲಿಸಬೇಕು.

ಕಾಗದಪತ್ರದ ಕಡೆಗೂ ಗಮನ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. 2021ರ ಜುಲೈಯಲ್ಲಿ ಬಂದ ನಿಯಮದಂತೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಖಾಸಗಿ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನಂಬರಿನಲ್ಲಿ ‘ವಿಎ’ ಅಕ್ಷರ. 1974ರ ಪದ್ಮಿನಿಗಳು ಈ ವಯಸ್ಸು ಮುಟ್ಟಿವೆ. ಆದರೆ ಚಾಸಿ, ಬಾಡಿ ಶೆಲ್, ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬ ಷರತ್ತಿದೆ. ಆದ್ದರಿಂದ ಬೋಲ್ಟು ಬಿಚ್ಚಿದರೆ ಕುರುಹು ಉಳಿಯದ ಸಪೋರ್ಟ್, ಮೂಲದ ಆಕಾರದಲ್ಲೇ ಇರುವ ಸಿಲ್ ಆರಿಸುವುದು ಜಾಣತನ. ಕತ್ತರಿಸುವ ಮೊದಲು, ಕತ್ತರಿಸಿದಾಗ, ಮುಗಿದ ಮೇಲೆ ಫೋಟೊ ತೆಗೆದಿಡಿ. ಕೆಎ-25 ಆಗಲಿ ಕೆಎ-63 ಆಗಲಿ, ಆರ್‌ಟಿಒ ತಪಾಸಣೆಯಲ್ಲಿ ಇದು ದುರಸ್ತಿಯೇ ಹೊರತು ಮಾರ್ಪಾಡಲ್ಲ ಎಂದು ತೋರಿಸಲು ಅವು ನೆರವಾಗುತ್ತವೆ.

ಕೊನೆಗೆ ತುಕ್ಕಿನ ರಕ್ಷಣೆ. ಹೊಸ ಸಿಲ್ಲಿನ ಹೊರಮೈಗೆ ಎಷ್ಟೇ ಚೆಂದ ಬಣ್ಣ ಹೊಡೆದರೂ ಅದು ಕೊಳೆಯುವುದು ಒಳಗಿನಿಂದ. ಶೀಟಿಗೆ ಶೀಟು ಕೂಡುವ ಅಂಚಿಗೆ ವೆಲ್ಡಿಂಗಿಗೆ ಮೊದಲೇ ಸತುವಿನ ಪ್ರೈಮರ್, ಎಲ್ಲ ಮುಗಿದ ಮೇಲೆ ಪೆಟ್ಟಿಗೆಯೊಳಗೆ ಉದ್ದ ನಳಿಗೆಯಿಂದ ಮೇಣದಂಥ ದ್ರವ, ಸಂದುಗಳಿಗೆ ಸೀಲರ್. ಸಿಲ್ಲಿನ ತಳದಲ್ಲಿ ನೀರು ಇಳಿಯುವ ತೂತುಗಳನ್ನು ಅಂಡರ್‌ಕೋಟಿಂಗ್ ಮುಚ್ಚಿಬಿಡುತ್ತದೆ. ತಂತಿ ಹಾಕಿ ಒಂದೊಂದನ್ನೂ ತೆರೆಯಬೇಕು. ಐನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳನ್ನು ಮತ್ತೆ ಟಾರ್ಕಿಗೆ ಪರೀಕ್ಷಿಸಿ, ಮೊದಲು ಬರೆದಿಟ್ಟ ಅದೇ ಬಿಂದುಗಳ ಅಂತರ ಮತ್ತೊಮ್ಮೆ ಅಳೆಯಿರಿ. ಬ್ರಾಕೆಟ್ಟಿನ ಸುತ್ತ ಬಣ್ಣದಲ್ಲಿ ಹೊಸ ಗೆರೆ ಕಂಡರೆ ಭಾರ ತಪ್ಪು ಜಾಗಕ್ಕೆ ಹೋಗುತ್ತಿದೆ ಎಂದರ್ಥ. ಸಪೋರ್ಟ್ ಬಿಚ್ಚಿ, ಒಳಗಿನ ಪ್ಲೇಟು ದೊಡ್ಡದು ಮಾಡಿಸಿ ಕೂಡಿಸಬೇಕು. ಪ್ರತಿ ವರ್ಷ ಮಿರಗ ಮಳೆ ಕೂಡುವ ಮೊದಲು ಗಾಲಿಯ ಮೇಲ್ಗಡೆಯ ಮಣ್ಣು ತೊಳೆಸಿ, ಸಿಲ್ಲಿನ ನೀರಿಳಿಯುವ ತೂತುಗಳಿಗೆ ಮತ್ತೊಮ್ಮೆ ತಂತಿ ಹಾಕಿ.